ಪರದೇಶದಲ್ಲಿ ಶೇರಿಂಗ್ ಮನೆ: ಡಿಪಾಸಿಟ್ ರೊಕ್ಕ ಯಾರ ಕೈಯಲ್ಲಿದೆ ನೋಡಿಕೊಳ್ಳಿ

ಧಾರವಾಡದ ಸಪ್ತಾಪುರದಲ್ಲೋ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ನಾಲ್ಕು ಜನ ಸೇರಿ ರೂಮು ಹಿಡಿದರೆ ಡಿಪಾಸಿಟ್ ವ್ಯವಹಾರ ಹೆಚ್ಚಾಗಿ ಬಾಯಿಮಾತಿನಲ್ಲೇ ಮುಗಿಯುತ್ತದೆ. ಬಿಟ್ಟುಹೋಗುವವನ ಪಾಲನ್ನು ಹೊಸದಾಗಿ ಬಂದವನು ಅವನ ಕೈಗೇ ಕೊಡುತ್ತಾನೆ. ಕಡೇ ತಿಂಗಳ ಬಾಡಿಗೆಗೆ ‘ಡಿಪಾಸಿಟ್‌ನ್ಯಾಗ ಹಿಡ್ಕೊಳ್ರೀ’ ಅಂದರೆ ಮಾಲಕರೂ ಹೂಂ ಅನ್ನುತ್ತಾರೆ. ಇದೇ ರೂಢಿಯನ್ನು ಜರ್ಮನಿಗೋ ಇಂಗ್ಲೆಂಡಿಗೋ ಒಯ್ದವರು ಪೆಟ್ಟು ತಿನ್ನುತ್ತಾರೆ. ಅಲ್ಲಿನ ಕಾನೂನು ಬಾಡಿಗೆದಾರರ ಕಡೆ ಗಟ್ಟಿಯಾಗಿಯೇ ನಿಲ್ಲುತ್ತದೆ, ಆದರೆ ಕರಾರಿನಲ್ಲಿ ನಿಮ್ಮ ಹೆಸರು ಹೇಗಿದೆ, ರೊಕ್ಕ ಯಾರ ಖಾತೆಗೆ ಹೋಗಿದೆ ಎಂಬುದನ್ನು ಮೊದಲು ಕೇಳುತ್ತದೆ.

ಹೊರಡುವ ಮುಂಚಿನ ಲೆಕ್ಕ

ಜರ್ಮನಿಗೆ ಓದಲು ಹೋಗುವವರು ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ಎಂದು ರೊಕ್ಕ ಬಿಡುವ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕೆಂಬ ನಿಯಮ 2024ರ ಸೆಪ್ಟೆಂಬರ್‌ನಿಂದ ಇದೆ. ಅಷ್ಟು ರೊಕ್ಕ ಇಟ್ಟಿದ್ದೇವಲ್ಲ, ಡಿಪಾಸಿಟ್ಟೂ ಅದರಲ್ಲೇ ಆಗುತ್ತದೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಆ ಖಾತೆಯಿಂದ ತಿಂಗಳಿಗೆ 992 ಯೂರೋ ಮಾತ್ರ ಹೊರಬರುತ್ತದೆ.

ಒಂದು ಕೋಣೆಯ ಲೆಕ್ಕ ಹಾಕಿ ನೋಡಿ. ಮೂಲ ಬಾಡಿಗೆ 400 ಯೂರೋ. ಅದನ್ನು ಅಲ್ಲಿ ಕಾಲ್ಟ್‌ಮೀಟೆ ಅನ್ನುತ್ತಾರೆ. ನೀರು, ಹೀಟಿಂಗ್, ಕಸ ಮುಂತಾದ ನೇಬನ್‌ಕೋಸ್ಟನ್ 120. ತಿಂಗಳಿಗೆ ಕೊಡುವುದು 520. ಕಾನೂನಿನ ಪ್ರಕಾರ ಡಿಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅಂದರೆ 1200. 520ನ್ನು ಮೂರರಿಂದ ಗುಣಿಸಿ 1560 ಕೇಳಿದರೆ ಅದು ತಪ್ಪು. ಜೊತೆಗೆ ಈ 1200ನ್ನು ಮೂರು ಸಮ ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ: ಮೊದಲ ಕಂತು ಬಾಡಿಗೆ ಶುರುವಾದಾಗ, ಉಳಿದೆರಡು ಮುಂದಿನ ಎರಡು ಬಾಡಿಗೆಗಳ ಜೊತೆ. ಕಂತಿನಲ್ಲಿ ಕೊಟ್ಟರೂ ಮೊದಲ ತಿಂಗಳು 920 ಹೋಗಿ ಕೈಯಲ್ಲಿ ಉಳಿಯುವುದು 72 ಯೂರೋ. ಹೆಲ್ತ್ ಇನ್ಶೂರೆನ್ಸ್ ಕಂತಿಗೂ ಅದು ಸಾಲದು. ಆದ್ದರಿಂದ ಬ್ಲಾಕ್ಡ್ ಅಕೌಂಟನ್ನು ಬಿಟ್ಟು 1500ರಿಂದ 2000 ಯೂರೋ ಬೇರೆಯಾಗಿ ಇಟ್ಟುಕೊಂಡೇ ವಿಮಾನ ಹತ್ತಿ.

ಊರಿನ ಬ್ಯಾಂಕ್ ಶಾಖೆಯಿಂದ ಕಳಿಸುವುದಾದರೆ ಪ್ಯಾನ್, ಪಾಸ್‌ಪೋರ್ಟ್, ಅಡ್ಮಿಶನ್ ಪತ್ರ, ಬಾಡಿಗೆ ಕರಾರಿನ ಪ್ರತಿ ಒಯ್ಯಿರಿ. ವಿದೇಶಕ್ಕೆ ರೊಕ್ಕ ಕಳಿಸಲು ಬೇಕಾದ ಎ2 ಫಾರ್ಮ್ ಅಲ್ಲೇ ತುಂಬಬೇಕು. ವಿದೇಶಿ ಬ್ಯಾಂಕ್ ಚಾರ್ಜನ್ನು ಯಾರು ಭರಿಸುವುದೆಂದು ಕೇಳುವ ಕಡೆ ‘ಅವರ್’ (OUR, ಅಂದರೆ ಚಾರ್ಜೆಲ್ಲ ಕಳಿಸುವವರದೇ) ಆಯ್ಕೆ ಮಾಡಿ. ಇಲ್ಲದಿದ್ದರೆ ನಡುವಿನ ಬ್ಯಾಂಕುಗಳು ತಮ್ಮ ಪಾಲು ಮುರಿದುಕೊಂಡು 1200ರ ಜಾಗದಲ್ಲಿ 1180 ಮುಟ್ಟುತ್ತದೆ, ಮಾಲಕರು ಬಾಕಿ ಕೇಳುತ್ತಾರೆ. ಟಿಸಿಎಸ್, ಅಂದರೆ ವಿದೇಶಕ್ಕೆ ಕಳಿಸುವಾಗ ಬ್ಯಾಂಕ್ ಮೊದಲೇ ಹಿಡಿಯುವ ತೆರಿಗೆಯ ವಿಷಯವೂ ಗೊತ್ತಿರಲಿ. 2025ರ ಏಪ್ರಿಲ್‌ನಿಂದ ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಅದನ್ನು ಹಿಡಿಯುವುದಿಲ್ಲ. ಆದರೆ ಅದೇ ವರ್ಷ, ಅದೇ ಪ್ಯಾನ್‌ನಿಂದ ಬ್ಲಾಕ್ಡ್ ಅಕೌಂಟಿಗೆ ಕಳಿಸಿದ್ದೂ ಈ ಲೆಕ್ಕಕ್ಕೇ ಬರುತ್ತದೆ. ಅಪ್ಪನ ಖಾತೆಯಿಂದ ಮುರಿದದ್ದನ್ನು ಅಪ್ಪನ ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಸರಿದೂಗಿಸಿಕೊಳ್ಳಬಹುದು.

ಕರಾರು ಯಾರ ಜೊತೆ?

ನಾಲ್ಕು ಕೋಣೆಯ ಒಂದೇ ಮನೆಯಲ್ಲಿ ನೀವು ಮೂರು ಬಗೆಯಾಗಿ ಇರಬಹುದು. ಡಿಪಾಸಿಟ್ಟಿನ ಹಣೆಬರಹ ನಿರ್ಧಾರವಾಗುವುದು ಇಲ್ಲೇ, ಹಾಗಾಗಿ ಸಹಿಗೆ ಮುಂಚೆ ಇದನ್ನು ಬಿಡಿಸಿ ಕೇಳಿ.

ನಿಮ್ಮ ಕೋಣೆಗೇ ಮಾಲಕರ ಜೊತೆ ಪ್ರತ್ಯೇಕ ಕರಾರು ಇದ್ದರೆ ಅದು ಎಲ್ಲಕ್ಕಿಂತ ನಿಶ್ಚಿಂತೆ. ನಿಮ್ಮ ರೊಕ್ಕ ನಿಮ್ಮದು, ಪಕ್ಕದ ಕೋಣೆಯವನು ಕಿಟಕಿ ಒಡೆದರೆ ಅವನ ಲೆಕ್ಕ.

ಎರಡನೆಯದರಲ್ಲಿ ಎಲ್ಲರೂ ಸೇರಿ ಒಂದೇ ಕರಾರಿಗೆ ಸಹಿ ಹಾಕಿರುತ್ತಾರೆ. ಆಗ ಹೊಣೆಯೂ ಎಲ್ಲರ ಮೇಲೆ ಒಟ್ಟಾಗಿ ಬರುತ್ತದೆ. ಒಬ್ಬನು ಬಾಡಿಗೆ ಕೊಡದೆ ಹೋದರೆ ಮಾಲಕರು ಪೂರ್ತಿ ಮೊತ್ತವನ್ನು ನಿಮ್ಮೊಬ್ಬರಿಂದಲೇ ಕೇಳಬಹುದು. ನೀವು ನಡುವೆ ಬಿಟ್ಟುಹೋಗುವಾಗ ನಿಮ್ಮ ಪಾಲಿನ ಡಿಪಾಸಿಟ್ ಕೊಡಬೇಕೆಂಬ ಹೊಣೆಯೂ ಮಾಲಕರಿಗಿಲ್ಲ. ಇಡೀ ಮನೆ ಖಾಲಿಯಾದ ಮೇಲೆ ಎಲ್ಲರಿಗೂ ಸೇರಿಯೇ ವಾಪಸ್. ಹಾಗಾಗಿ ಹೊಸಬರು ಹಳಬರಿಗೆ ರೊಕ್ಕ ಕೊಟ್ಟು ಒಳಗೆ ಬರುವ ಪದ್ಧತಿ ಅಲ್ಲಿಯೂ ಇದೆ. ಅದರಲ್ಲಿರುವ ಅಪಾಯವೆಂದರೆ ಹಳಬರು ಮಾಡಿದ ಹಾನಿಯೂ ನಿಮ್ಮ ಹೆಗಲಿಗೆ ಬೀಳುತ್ತದೆ. ಹಾಗೆ ಕೊಡಲೇಬೇಕಾದರೆ ಮೂರು ಕಾಗದ ಆದ ಮೇಲೆಯೇ ಕೊಡಿ: ಕರಾರಿನಲ್ಲಿ ಹಳಬರ ಹೆಸರು ತೆಗೆದು ನಿಮ್ಮದನ್ನು ಸೇರಿಸಿದ ಬಗ್ಗೆ ಮಾಲಕರ ಸಹಿ, ಡಿಪಾಸಿಟ್‌ನ ಇಂತಿಷ್ಟು ಪಾಲು ಇನ್ನು ನಿಮ್ಮದೆಂಬ ಒಪ್ಪಿಗೆ, ಆ ದಿನ ಕೋಣೆ ಯಾವ ಸ್ಥಿತಿಯಲ್ಲಿತ್ತೆಂಬ ಪಟ್ಟಿ.

ಮೂರನೆಯದು ಉಂಟರ್‌ಮೀಟೆ. ಮಾಲಕರ ಜೊತೆ ಕರಾರು ಇರುವುದು ಒಬ್ಬನಿಗೆ, ಅವನ ಕೈಕೆಳಗಿನ ಬಾಡಿಗೆದಾರರು ನೀವು. ನಮ್ಮವರು ಹೆಚ್ಚು ಎಡವುವುದು ಇಲ್ಲಿ. ನಿಮ್ಮ ಡಿಪಾಸಿಟ್ ಅವನ ಖಾತೆಗೆ ಹೋಗುತ್ತದೆ, ಮಾಲಕರಿಗೂ ಅದಕ್ಕೂ ಸಂಬಂಧವಿಲ್ಲ. ಅವನು ಖರ್ಚು ಮಾಡಿಕೊಂಡು ಊರು ಬಿಟ್ಟರೆ ಹಿಡಿದು ಕೇಳಬೇಕಾದದ್ದು ಅವನನ್ನೇ. ಒಳಬಾಡಿಗೆಗೆ ಮಾಲಕರು ಕೊಟ್ಟ ಅನುಮತಿ ಪತ್ರ ತೋರಿಸು ಅನ್ನಿ, ಕಣ್ಣಿಂದ ನೋಡಿ. ಡಿಪಾಸಿಟ್ಟನ್ನು ಸ್ವಂತ ರೊಕ್ಕದಿಂದ ಬೇರೆಯಾಗಿ ಬ್ಯಾಂಕಿನಲ್ಲಿ ಬಡ್ಡಿಗೆ ಇಡುವುದು ಜರ್ಮನಿಯಲ್ಲಿ ಪಡೆದವರ ಹೊಣೆ. ಆ ಖಾತೆಯ ವಿವರ ಕೇಳುವುದರಲ್ಲಿ ಸಂಕೋಚ ಬೇಡ. ವಿಳಾಸ ನೋಂದಣಿಗೆ ಬೇಕಾದ ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್ ಎಂಬ ದೃಢೀಕರಣ ಪತ್ರವನ್ನು ಕೊಡುತ್ತೀಯಾ ಎಂದೂ ಕೇಳಿ. ಕೊಡುವುದಿಲ್ಲ ಅಂದರೆ ಆ ಮನೆ ಬೇಡ.

ಕೋಣೆ ನೋಡದೆ ಡಿಪಾಸಿಟ್ ಕಳಿಸಬೇಡಿ. ‘ನಾನು ಬೇರೆ ದೇಶದಲ್ಲಿದ್ದೇನೆ, ರೊಕ್ಕ ಹಾಕಿದರೆ ಕೀಲಿ ಕೊರಿಯರ್ ಮಾಡುತ್ತೇನೆ’ ಅನ್ನುವವರು ಮೋಸಗಾರರೇ. ಮೊದಲ ಎರಡು ಮೂರು ವಾರಕ್ಕೆ ಹಾಸ್ಟೆಲಿನಲ್ಲೋ ಪರಿಚಯದವರ ಮನೆಯಲ್ಲೋ ಇಳಿದುಕೊಂಡು ಹುಡುಕುವುದು ಖರ್ಚಿನ ದಾರಿ ಅನ್ನಿಸಬಹುದು. 1200 ಯೂರೋ ಕಳೆದುಕೊಳ್ಳುವುದಕ್ಕಿಂತ ಅದು ಅಗ್ಗ. ನಗದಾಗಿ ಕೊಡಬೇಡಿ. ಬ್ಯಾಂಕಿನಿಂದ ಹಾಕುವಾಗ ವಿವರದ ಜಾಗದಲ್ಲಿ ಡಿಪಾಸಿಟ್‌ಗೆ ಜರ್ಮನ್‌ನಲ್ಲಿ ಹೇಳುವ ‘ಕೌತ್ಸಿಯೋನ್’ (Kaution) ಎಂಬ ಪದ, ನಿಮ್ಮ ಹೆಸರು, ಮನೆ ವಿಳಾಸ ಬರೆಯಿರಿ. ಬಾಡಿಗೆಯನ್ನು ಬೇರೆಯಾಗಿಯೇ ಹಾಕಿ.

ಒಳಗೆ ಹೋಗುವ ದಿನ

ಸಾಮಾನು ಇಳಿಸುವ ಮುಂಚೆ ಯೂಬರ್‌ಗಾಬೆ ಪ್ರೊಟೊಕೋಲ್, ಅಂದರೆ ಮನೆ ಒಪ್ಪಿಸುವ ಪಟ್ಟಿಯನ್ನು ಇಬ್ಬರೂ ಕೂತು ತುಂಬಿ ಸಹಿ ಹಾಕಿ. ಗೋಡೆಯ ಮೊಳೆ ತೂತುಗಳು ಎಷ್ಟು, ನೆಲದ ಗೀರು, ಕಿಟಕಿ ಮೂಲೆಯ ಕಪ್ಪು ಬೂಷ್ಟು, ಫ್ರಿಜ್ಜಿನ ಒಡೆದ ಟ್ರೇ, ಎಷ್ಟು ಕೀಲಿ, ವಿದ್ಯುತ್ ಮತ್ತು ಹೀಟಿಂಗ್ ಮೀಟರಿನ ಅಂಕಿ, ಎಲ್ಲವೂ ಅದರಲ್ಲಿರಲಿ. ಅಡಿಗೆಮನೆ, ಬಚ್ಚಲು ಎಲ್ಲರದೂ ಆದ್ದರಿಂದ ಅವನ್ನೂ ಬಿಡಬೇಡಿ. ಫೋಟೊ ತೆಗೆದು ಅದೇ ದಿನ ಮಾಲಕರಿಗೆ ಇಮೇಲ್ ಮಾಡಿದರೆ ತಾರೀಕು ತಾನೇ ದಾಖಲಾಗುತ್ತದೆ.

ಡಿಪಾಸಿಟ್ ಮುರಿಯುವ ಕಾರಣಗಳು ಅಲ್ಲಿ ಬೇರೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಒಗ್ಗರಣೆ ಹಾಕಿ, ಅನ್ನ ಕುದಿಸಿ, ಒದ್ದೆ ಬಟ್ಟೆಯನ್ನೂ ಕೋಣೆಯಲ್ಲೇ ಹರವಿದರೆ ಆ ಆವಿ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ, ಕೆಲವೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಎರಡು ಮೂರು ಸಲ ಐದು-ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆಯಿರಿ. ಇಡೀ ದಿನ ಓರೆ ಮಾಡಿಟ್ಟರೆ ಗೋಡೆ ತಣ್ಣಗಾಗಿ ಮತ್ತಷ್ಟು ಕೆಡುತ್ತದೆ. ನಲ್ಲಿ, ಶವರಿನ ಗಾಜಿನ ಮೇಲೆ ಕೂರುವ ಬಿಳಿ ಸುಣ್ಣವನ್ನು ಸಿಟ್ರಿಕ್ ಆಮ್ಲದಿಂದ ವಾರಕ್ಕೊಮ್ಮೆ ಒರೆಸಿ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಕೀಲಿ ಕಳೆದರಂತೂ ಇಡೀ ಕಟ್ಟಡದ ಬೀಗದ ವ್ಯವಸ್ಥೆಯ ಖರ್ಚು ತಲೆಗೆ ಬರಬಹುದು. ಲಯಬಿಲಿಟಿ ಇನ್ಶೂರೆನ್ಸ್ (ನಿಮ್ಮಿಂದ ಬೇರೆಯವರಿಗೆ ಆದ ಹಾನಿ ತುಂಬುವ ವಿಮೆ) ಕೊಳ್ಳುವಾಗ ಕೀಲಿ ನಷ್ಟ, ಬಾಡಿಗೆ ಮನೆಗೆ ಆಗುವ ಹಾನಿ ಎರಡೂ ಅದರಲ್ಲಿವೆಯೇ ನೋಡಿ.

ಇಂಗ್ಲೆಂಡಿನಲ್ಲಿ, ಉಳಿದ ಕಡೆ

ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಡಿಪಾಸಿಟ್ ಐದು ವಾರದ ಬಾಡಿಗೆಯನ್ನು ಮೀರಬಾರದು. ತಿಂಗಳಿಗೆ 600 ಪೌಂಡ್ ಇದ್ದರೆ 12ರಿಂದ ಗುಣಿಸಿ 52ರಿಂದ ಭಾಗಿಸಿ, ಐದು ವಾರಕ್ಕೆ 692 ಪೌಂಡ್ ಆಗುತ್ತದೆ. ಮಾಲಕರು ಅದನ್ನು 30 ದಿನದೊಳಗೆ ಡಿಪಿಎಸ್ (ಡಿಪಾಸಿಟ್ ಪ್ರೊಟೆಕ್ಷನ್ ಸರ್ವಿಸ್), ಮೈಡಿಪಾಸಿಟ್ಸ್, ಟಿಡಿಎಸ್ (ಟೆನನ್ಸಿ ಡಿಪಾಸಿಟ್ ಸ್ಕೀಮ್) ಎಂಬ ಮೂರು ಸರ್ಕಾರಿ ಮಾನ್ಯತೆಯ ಯೋಜನೆಗಳಲ್ಲಿ ಒಂದರಲ್ಲಿ ನೋಂದಾಯಿಸಿ ನಿಮಗೆ ವಿವರ ಕೊಡಬೇಕು. ತಪ್ಪಿದರೆ ಕೋರ್ಟು ಡಿಪಾಸಿಟ್‌ನ ಒಂದರಿಂದ ಮೂರು ಪಟ್ಟು ದಂಡ ಕೊಡಿಸಬಹುದು. 31ನೇ ದಿನ ಆ ಮೂರೂ ವೆಬ್‌ಸೈಟುಗಳಲ್ಲಿ ನೀವೇ ಹುಡುಕಿ ನೋಡಿ. ಮಾಲಕರ ಮನೆಯಲ್ಲೇ ಒಂದು ಕೋಣೆಯಲ್ಲಿದ್ದು ಅವರ ಜೊತೆಗೇ ವಾಸ ಮಾಡುವವರಿಗೆ ಈ ರಕ್ಷಣೆ ಇಲ್ಲ.

ಐರ್ಲೆಂಡಿನಲ್ಲಿ 2021ರ ಆಗಸ್ಟ್‌ನಿಂದ ಡಿಪಾಸಿಟ್ ಒಂದು ತಿಂಗಳ ಬಾಡಿಗೆಗೆ ಸೀಮಿತ. ಕೆನಡಾದ ಒಂಟಾರಿಯೊದಲ್ಲಿ ಕೊನೆ ತಿಂಗಳ ಬಾಡಿಗೆಯನ್ನು ಮಾತ್ರ ಮುಂಗಡ ಪಡೆಯಬಹುದು, ಹಾನಿಗೆಂದು ಡಿಪಾಸಿಟ್ ಕೇಳುವಂತಿಲ್ಲ. ಮಾಲಕರ ಜೊತೆ ಅಡಿಗೆಮನೆಯನ್ನೋ ಬಚ್ಚಲನ್ನೋ ಹಂಚಿಕೊಂಡರೆ ಒಂಟಾರಿಯೊದ ಆ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ.

ಬಿಡುವಾಗ

ಜರ್ಮನಿಯಲ್ಲಿ ಸಾಮಾನ್ಯ ನೋಟಿಸ್ ಮೂರು ತಿಂಗಳು, ಕಾಗದದ ಮೇಲೆ ಸಹಿ ಮಾಡಿ ಕೊಟ್ಟದ್ದೇ ಆಗಬೇಕು, ವಾಟ್ಸಾಪ್ ನಡೆಯುವುದಿಲ್ಲ. ಕೊನೆ ತಿಂಗಳ ಬಾಡಿಗೆಯನ್ನು ಡಿಪಾಸಿಟ್‌ನಲ್ಲಿ ಕಳೆಯುವುದು ಅಲ್ಲಿ ಬಾಡಿಗೆ ಬಾಕಿಯೇ ಸರಿ. ಒಳಗೆ ಬಂದಾಗಿನ ಪಟ್ಟಿ ಹಿಡಿದುಕೊಂಡೇ ಹೊರಹೋಗುವ ಪಟ್ಟಿ ಮಾಡಿಸಿ. ಬಳಸಿದ್ದರಿಂದ ಸಹಜವಾಗಿ ಆದ ಸವೆತಕ್ಕೆ ರೊಕ್ಕ ಹಿಡಿಯುವಂತಿಲ್ಲ. ಬಣ್ಣ ಬಳಿದುಕೊಡಬೇಕೆಂಬ ಷರತ್ತುಗಳೂ ಎಲ್ಲವೂ ಊರ್ಜಿತವಲ್ಲ. ಸಹಿ ಮಾಡುವ ಮುಂಚೆ ವಿದ್ಯಾರ್ಥಿ ಸಂಘದ ಕಾನೂನು ಸಲಹೆಗಾರರಿಗೋ ಮೀಟರ್‌ಫೆರೈನ್ ಎಂಬ ಬಾಡಿಗೆದಾರರ ಸಂಘಕ್ಕೋ ತೋರಿಸಿ.

ವಾಪಸಿಗೆ ಕಾನೂನಿನಲ್ಲಿ ದಿನ ಗೊತ್ತುಮಾಡಿಲ್ಲ, ಆರು ತಿಂಗಳವರೆಗೆ ಕಾಯಬೇಕಾಗಬಹುದು. ಹೀಟಿಂಗ್ ಲೆಕ್ಕ ಬಾಕಿ ಎಂದು ಅಂದಾಜಿನ ಒಂದು ಪಾಲನ್ನು ಅದಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು, ಪೂರ್ತಿ ಮೊತ್ತವನ್ನಲ್ಲ. ಕೋರ್ಸು ಮುಗಿಯಿತೆಂದು ಜರ್ಮನ್ ಬ್ಯಾಂಕ್ ಖಾತೆ ಮುಚ್ಚಿ ಹುಬ್ಬಳ್ಳಿಗೆ ಬಂದುಬಿಟ್ಟರೆ ಆ ರೊಕ್ಕ ಬರಲು ಜಾಗವೇ ಇರುವುದಿಲ್ಲ. ಡಿಪಾಸಿಟ್ ಬಂದು ಬೀಳುವವರೆಗೆ ಖಾತೆ ಇಟ್ಟುಕೊಳ್ಳಿ. ಐಬ್ಯಾನ್ ನಂಬರನ್ನೂ (ಅಲ್ಲಿನ ಬ್ಯಾಂಕ್ ಖಾತೆ ಸಂಖ್ಯೆ) ಊರಿನ ವಿಳಾಸವನ್ನೂ ಹೊರಹೋಗುವ ಪಟ್ಟಿಯಲ್ಲೇ ಬರೆಸಿ, ಆರು ತಿಂಗಳು ದಾಟಿದರೆ ಎರಡು ವಾರದ ಗಡುವು ಕೊಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಹಾಕಿ.