ಆವರಣವಿರುವ ಅಸಮತೆಯನ್ನು ಬಿಡಿಸುವುದು ಹೇಗೆ?

ಕನ್ನಂಬಾಡಿ ಕಟ್ಟೆಯ ಗರಿಷ್ಠ ನೀರಿನ ಮಟ್ಟ 124.80 ಅಡಿ ಎಂಬುದು ಮಂಡ್ಯ ಸೀಮೆಯ ಮಕ್ಕಳಿಗೂ ಬಾಯಿಪಾಠ. ಇಂದಿನ ಮಟ್ಟವನ್ನು ‘ಕ’ ಎಂದು ಕರೆದರೆ, ಕ ≤ 124.80 ಎಂದು ಬರೆಯಬಹುದು. ಇದೇ ಅಸಮತೆ. ಪ್ರಥಮ ಪಿಯುಸಿಯಲ್ಲಿ ರೇಖಾತ್ಮಕ ಅಸಮತೆಗಳ ಪಾಠ ಬಂದಾಗ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಆವರಣ ಬಿಡಿಸುವ ಹೆಜ್ಜೆಯಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಆಲೆಮನೆಯಿಂದ ಬೆಲ್ಲ ಸಾಗಿಸುವ ಗೂಡ್ಸ್ ಆಟೋವೊಂದು 500 ಕೆಜಿಗಿಂತ ಹೆಚ್ಚು ಹೊರಬಾರದು ಎಂದುಕೊಳ್ಳಿ. ಚಾಲಕರ ತೂಕ 60 ಕೆಜಿ. ಹೇರಬೇಕಾದ ಕ್ರೇಟುಗಳು 20. ಖಾಲಿ ಕ್ರೇಟು 2 ಕೆಜಿ ತೂಗುತ್ತದೆ, ಅದರೊಳಗೆ ಒಂದೊಂದು ಕೆಜಿಯ ‘ಕ’ ಅಚ್ಚು ಬೆಲ್ಲ ಇರುತ್ತದೆ. ಆಗ ಲೆಕ್ಕ ಹೀಗಾಗುತ್ತದೆ:

20(ಕ + 2) + 60 ≤ 500

ಆವರಣದ ಹೊರಗಿರುವ 20, ಒಳಗಿನ ಎರಡೂ ಪದಗಳನ್ನು ಗುಣಿಸಬೇಕು. ಆಗ 20ಕ + 40 + 60 ≤ 500, ಅಂದರೆ 20ಕ ≤ 400, ಕೊನೆಗೆ ಕ ≤ 20. ಅವಸರದಲ್ಲಿ 20ಕ + 2 ಎಂದು ಬರೆದವರು 20 ಕ್ರೇಟುಗಳಲ್ಲಿ ಒಂದರ ತೂಕವನ್ನಷ್ಟೇ ಲೆಕ್ಕಕ್ಕೆ ಹಿಡಿದಂತಾಯಿತು. ಅವರಿಗೆ ಕ ≤ 21.9 ಎಂದು ಬರುತ್ತದೆ. ಅದನ್ನು ನಂಬಿ ಕ್ರೇಟಿಗೆ 21 ಅಚ್ಚು ತುಂಬಿದರೆ ಒಟ್ಟು ಭಾರ 520 ಕೆಜಿ ಮುಟ್ಟುತ್ತದೆ.

ಇನ್ನು ಆವರಣದ ಮುಂದೆ ಋಣ ಚಿಹ್ನೆ ಇದ್ದಾಗ ಎರಡು ಪಟ್ಟು ಎಚ್ಚರ ಬೇಕು:

7 − 3(ಕ − 4) > 1

ಇಲ್ಲಿ 7ರಿಂದ 3ನ್ನು ಮೊದಲು ಕಳೆದು 4(ಕ − 4) ಎಂದು ಬರೆಯುವುದು ತಪ್ಪು, ಏಕೆಂದರೆ ಗುಣಾಕಾರವು ವ್ಯವಕಲನಕ್ಕಿಂತ ಮೊದಲು ನಡೆಯಬೇಕು. −3ರಿಂದ −4ನ್ನು ಗುಣಿಸಿದಾಗ +12 ಬರುವುದರಿಂದ 7 − 3ಕ + 12 > 1 ಆಗುತ್ತದೆ. ಅಂದರೆ 19 − 3ಕ > 1, ಮುಂದೆ −3ಕ > −18. ಈಗ −3ರಿಂದ ಭಾಗಿಸುವಾಗ ಚಿಹ್ನೆ ತಿರುಗಿ ಕ < 6 ಎಂದಾಗುತ್ತದೆ.

ಚಿಹ್ನೆ ತಿರುಗುವುದೇಕೆ ಎಂಬುದನ್ನು ಉರು ಹೊಡೆಯದೆ ಒಮ್ಮೆ ಕಣ್ಣಾರೆ ನೋಡಬೇಕು. ಸಂಖ್ಯಾರೇಖೆಯ ಮೇಲೆ 2 ಮತ್ತು 5ನ್ನು ಗುರುತಿಸಿದರೆ 5 ಬಲಕ್ಕಿದೆ. ಎರಡನ್ನೂ −1ರಿಂದ ಗುಣಿಸಿದರೆ ಸೊನ್ನೆಯ ಆಚೆ ಬದಿಗೆ ಹೋಗಿ, ಅಷ್ಟೇ ದೂರದಲ್ಲಿ ನಿಲ್ಲುತ್ತವೆ. ಆಗ −5 ಎಡಕ್ಕೆ, −2 ಬಲಕ್ಕೆ. ದೊಡ್ಡದಾಗಿದ್ದದ್ದು ಚಿಕ್ಕದಾಯಿತು. ಚಿಹ್ನೆ ತಿರುಗಿಸಲು ಮರೆಯುವವರಿಗೆ ನಾನು ಹೇಳುವ ದಾರಿ ಬೇರೆ: 19 − 3ಕ > 1 ಎಂಬ ಹೆಜ್ಜೆಯಲ್ಲೇ 3ಕವನ್ನು ಬಲಕ್ಕೂ 1ನ್ನು ಎಡಕ್ಕೂ ಒಯ್ದು 18 > 3ಕ ಎಂದು ಬರೆಯಿರಿ. 3 ಧನ ಸಂಖ್ಯೆಯಾದ್ದರಿಂದ ಚಿಹ್ನೆ ಹಾಗೆಯೇ ಉಳಿದು 6 > ಕ ಎಂದು ಬರುತ್ತದೆ, ಉತ್ತರ ಅದೇ.

ತಾಳೆ ನೋಡಲು ಗಡಿಯ ಎರಡೂ ಬದಿಯ ಒಂದೊಂದು ಬೆಲೆ ಸಾಕು. ಕ = 5 ಆದಾಗ ಎಡಭಾಗ 4, ಅದು 1ಕ್ಕಿಂತ ದೊಡ್ಡದು; ಕ = 7 ಆದಾಗ −2, ಅದು ಹೊಂದುವುದಿಲ್ಲ. ಸಂಖ್ಯಾರೇಖೆಯಲ್ಲಿ 6ರ ಮೇಲೆ ಖಾಲಿ ವೃತ್ತ ಬರೆದು ಎಡಕ್ಕೆ ಬಾಣ ಎಳೆಯಬೇಕು. ಬೆಲ್ಲದ ಲೆಕ್ಕದಲ್ಲಿ 20 ಕೂಡ ಉತ್ತರಕ್ಕೆ ಸೇರುವುದರಿಂದ ಅಲ್ಲಿ ತುಂಬಿದ ವೃತ್ತ ಬರುತ್ತದೆ. ಆದರೆ ಅರ್ಧ ಅಚ್ಚನ್ನೂ ಋಣ ಸಂಖ್ಯೆಯ ಅಚ್ಚುಗಳನ್ನೂ ಯಾರೂ ತುಂಬುವುದಿಲ್ಲವಾದ್ದರಿಂದ, ಅಲ್ಲಿ ರೇಖೆ ಎಳೆಯುವ ಬದಲು 0ಯಿಂದ 20ರವರೆಗಿನ ಪೂರ್ಣ ಸಂಖ್ಯೆಗಳ ಮೇಲೆ ಮಾತ್ರ ಚುಕ್ಕೆ ಇಡುವುದು ಸರಿ.