ಬಳ್ಳಾರಿ ಬಿಸಿಲಿಗೆ ಬಗ್ಗದ ಗಿಡಗಳು

ನಾನು ಗಿಡ ಆರಿಸುವುದು ನರ್ಸರಿಯಲ್ಲಲ್ಲ, ಬೀದಿಯಲ್ಲಿ. ಏಪ್ರಿಲ್ ಕೊನೆಗೆ ಬಳ್ಳಾರಿಯ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ಆಗ ಸಂಜೆ ಸುಮ್ನೆ ಒಂದು ಸುತ್ತು ಹೋಗಿ, ಯಾರೂ ನೀರು ಹಾಕದ ಕಡೆ ಯಾವ ಗಿಡ ಗಟ್ಟಿಯಾಗಿ ನಿಂತಿದೆ ಅಂತ ನೋಡುತ್ತೇನೆ. ಶಾಲೆ ಕಾಂಪೌಂಡಿನ ಕಾಗದದ ಹೂ, ಗುಡಿ ಹಿಂದಿನ ಕಣಗಿಲೆ, ಎಲೆಯೆಲ್ಲ ಉದುರಿಸಿಯೂ ಹೂ ಹೊತ್ತು ನಿಂತ ದೇವಕಣಗಿಲೆ. ಇಂಥವಕ್ಕೇ ನಮ್ಮ ಮನೆಯಲ್ಲಿ ಜಾಗ. ನರ್ಸರಿಯ ಗಿಡಗಳು ನೆರಳಿನ ಬಲೆಯಡಿ ಹೊತ್ತು ಹೊತ್ತಿಗೆ ನೀರು ಕುಡಿದು ಬೆಳೆದವು. ಅಲ್ಲಿ ಎಲ್ಲವೂ ಚೆಂದವೇ, ಅಲ್ವಾ?

ಸಂಜೆ ಬಿಸಿಲು ಬಡಿಯುವ ಪಡುವಣ ಗೋಡೆಗೆ ಕಾಗದದ ಹೂ ಹಬ್ಬಿಸಿದ್ದೇನೆ. ಬೇರು ಹಿಡಿಯುವವರೆಗೆ ನೀರು ಬೇಕು, ಆಮೇಲೆ ಕೈ ಬಿಗಿ ಹಿಡಿಯಬೇಕು. ನೀರು ಜಾಸ್ತಿಯಾದರೆ ಬರೀ ಸೊಪ್ಪು, ಮಣ್ಣು ಒಣಗಿದರೆ ಮೈತುಂಬ ಬಣ್ಣ. ಹತ್ತಿರ ಹೋಗಿ ನೋಡಿ, ಆ ಬಣ್ಣದ್ದು ಹೂವಲ್ಲ, ಎಲೆ. ನಿಜವಾದ ಹೂ ಅದರ ನಡುವೆ ಬೆಳ್ಳಗೆ, ಸಣ್ಣ ಕೊಳವೆಯಂತೆ ಇರುತ್ತದೆ. ಮುಳ್ಳು ಮಾತ್ರ ಜೋರು. ಓಡಾಡುವ ದಾರಿಯಲ್ಲಿ ಬೇಡ.

ದೇವಕಣಗಿಲೆಗೆ ದುಡ್ಡು ಖರ್ಚೇ ಇಲ್ಲ. ಪರಿಚಯದವರ ಮನೆಯಿಂದ ಒಂದು ಕೊಂಬೆ ತಂದರೆ ಸಾಕು. ಕಡಿದ ಜಾಗದಲ್ಲಿ ಹಾಲು ಸೋರುತ್ತದೆ. ಒಂದು ವಾರ ನೆರಳಲ್ಲಿಟ್ಟು, ಆ ಗಾಯ ಒಣಗಿದ ಮೇಲೆ ನೆಡಬೇಕು. ಹಸಿಯಾಗಿ ನೆಟ್ಟರೆ ಕೊಳೆಯುವುದೇ ಹೆಚ್ಚು.

ಕಣಗಿಲೆ ಗೇಟಿನಾಚೆ ಇದೆ. ಎಲೆ, ಹೂ, ಕಡ್ಡಿ ಎಲ್ಲ ವಿಷ. ಸವರಿದ ಕೊಂಬೆಯನ್ನು ದನ ಓಡಾಡುವಲ್ಲಿ ಎಸೆಯುವುದಿಲ್ಲ, ಸುಡುವುದೂ ಇಲ್ಲ, ಅದರ ಹೊಗೆಯೂ ಕೆಟ್ಟದ್ದೇ. ಚಿಕ್ಕ ಮಕ್ಕಳಿರುವ ಮನೆಗೆ ನಾನಂತೂ ಹೇಳುವುದಿಲ್ಲ.

ಮನೆಯೊಳಗೆ ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್. ಜೀಜೀಯ ಕುಂಡ ಬೋರಲು ಹಾಕಿದರೆ ಬುಡದಲ್ಲಿ ಆಲೂಗಡ್ಡೆಯಂಥ ಗಡ್ಡೆಗಳು ಕಾಣುತ್ತವೆ. ನೀರೆಲ್ಲ ಅಲ್ಲಿ ಕೂಡಿಟ್ಟಿರುತ್ತದೆ. ಇವೆರಡೂ ಬಾಯಾರಿ ಸಾಯುವುದು ಕಡಿಮೆ, ನೀರು ಕುಡಿಸಿ ಕುಡಿಸಿ ಕೊಲ್ಲುವವರೇ ಹೆಚ್ಚು. ಬೆರಳು ಮಣ್ಣಿಗಿಳಿಸಿ ನೋಡಿ. ತುದಿಗೆ ತೇವ ತಗುಲಿದರೆ ಚೊಂಬು ಕೆಳಗಿಡಿ. ಇಲ್ಲಿಯ ಎರೆಮಣ್ಣು ಕುಂಡಕ್ಕಲ್ಲ, ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ನಾನು ಕೆಂಪು ಮಣ್ಣು, ಮರಳು, ಹಳೆ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸುತ್ತೇನೆ. ರಸಗೊಬ್ಬರದ ಗೊಡವೆಯೇ ಇಲ್ಲ.

ಅಡುಗೆಮನೆ ಬಾಗಿಲಲ್ಲಿ ದೊಡ್ಡಪತ್ರೆ, ಲೋಳೆಸರ. ದೊಡ್ಡಪತ್ರೆಯ ಕಡ್ಡಿ ಮುರಿದು ಚುಚ್ಚಿದರೆ ಸಾಕು, ಚಿಗುರುತ್ತದೆ. ಮಧ್ಯಾಹ್ನದ ಖಡಕ್ ಬಿಸಿಲಿಗೆ ಮಾತ್ರ ಅದರ ಎಲೆ ಹಳದಿಯಾಗುತ್ತದೆ, ಅದಕ್ಕೇ ಗೋಡೆ ನೆರಳಲ್ಲಿದೆ. ಲೋಳೆಸರಕ್ಕೆ ಬಿಸಿಲಿನ ಚಿಂತೆ ಅಷ್ಟಿಲ್ಲ. ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುವ ಗಿಡ ಅದು.

ಮನೆಯವರಿಗೆ ಗುಲಾಬಿಯೂ ಬೇಕು. ಅದರ ನೀರು, ಹುಳ, ಕತ್ತರಿ ಎಲ್ಲ ಅವರದೇ ಅಂತ ಒಪ್ಪಂದವಾಗಿದೆ. ಹೊಸ ಗಿಡ ನೆಡುವುದಿದ್ದರೆ ಮುಂಗಾರು ಬಿದ್ದ ಮೇಲೆ ನೆಡಿ. ಮುಂದಿನ ಬೇಸಿಗೆಯೊಳಗೆ ಬೇರು ಕೆಳಗಿಳಿದಿರುತ್ತದೆ.