ಬ್ರೆಡ್ಡಿಗೂ ಒಂದು ಹೆಪ್ಪು

ಹೋದ ವಾರ ನಮ್ಮ ಮೇಲಿನ ಮನೆಯ ವಿಜಯಪುರದ ಹುಡುಗಿ ಒಂದು ಗಾಜಿನ ಭರಣಿ ಹಿಡಿದುಕೊಂಡು ಬಂದಳು. “ಕೆಟ್ಟು ಹೋಗೇತಿ ಅಜ್ಜಿ, ಚೆಲ್ಲಿ ಬಿಡ್ಲೇನ್ರಿ?” ಒಳಗೆ ಗೋಧಿ ಹಿಟ್ಟು, ನೀರು. ಕಲೆಸಿ ನಾಲ್ಕು ದಿನ. ಎರಡನೇ ದಿನ ಬುಸುಬುಸು ಉಕ್ಕಿದ್ದು ಈಗ ಅಲುಗಾಡದೆ ಕೂತಿತ್ತು, ವಾಸನೆಯೂ ಚೆನ್ನಾಗಿರಲಿಲ್ಲ. ಚೆಲ್ಲಬೇಡ ಮಗಾ ಅಂದೆ. ಸಾವರ್‌ಡೋ, ಅಂದರೆ ಪ್ಯಾಕೆಟ್ ಯೀಸ್ಟ್ ಇಲ್ಲದೆ ಹುಳಿ ಹಿಟ್ಟಿನಿಂದಲೇ ಉಬ್ಬಿಸುವ ಬ್ರೆಡ್, ಮಾಡಲು ಹೊರಟವರು ಕೈಬಿಡುವುದು ಇದೇ ನಾಲ್ಕನೇ ದಿನ. ಮೊದಲು ಉಕ್ಕುವುದು ನಮಗೆ ಬೇಡದ ಬ್ಯಾಕ್ಟೀರಿಯಾದಿಂದ. ಹಿಟ್ಟು ಹುಳಿಯಾದಂತೆ ಅವು ಅಡಗುತ್ತವೆ. ಆಮೇಲೆ ಹುಳಿ ತಾಳಿಕೊಳ್ಳುವ ಯೀಸ್ಟ್, ಮೊಸರಲ್ಲಿರುವಂಥ ಬ್ಯಾಕ್ಟೀರಿಯಾ ಜೊತೆಯಾಗಿ ಬೆಳೆಯುತ್ತವೆ. ಆ ಮಧ್ಯದ ಮೂರ್ನಾಲ್ಕು ದಿನ ಕಾಯಬೇಕು, ಅಷ್ಟೇ.

ಭರಣಿಯ ಈ ಹುಳಿ ಹಿಟ್ಟಿಗೆ ಸ್ಟಾರ್ಟರ್ ಅನ್ನುವ ಹೆಸರು ಕೇಳಿ ಹೆದರುತ್ತಾರೆ. ಅದು ಹೆಪ್ಪು ಕಣ್ರೀ. ಮೊಸರಿಗೆ ನಿನ್ನೆಯ ಮೊಸರು ಉಳಿಸಿದ ಹಾಗೆ, ಬ್ರೆಡ್ಡಿಗೆ ನಿನ್ನೆಯ ಹಿಟ್ಟು. ದೋಸೆ ಹಿಟ್ಟು ಹುಳಿ ಬರಿಸಿದ ಕೈಗೆ ಇದು ಹೊಸದಲ್ಲ.

ನಾನು ಕುಮಟೆಯಿಂದ ಮದುವೆಯಾಗಿ ಗೋವಾದ ಮಡಗಾಂವ್‌ಗೆ ಬಂದು ನಲವತ್ತು ವರ್ಷದ ಮೇಲಾಯಿತು. ಬೆಳಗ್ಗೆ ಪೊದೆರ್, ಅಂದರೆ ಬ್ರೆಡ್ ಮಾರುವವನ, ಸೈಕಲ್ ಹಾರ್ನ್ ಕೇಳಿಯೇ ಚಹಾಕ್ಕೆ ನೀರಿಡುವುದು ರೂಢಿಯಾಗಿದೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಅವರ ಬ್ರೆಡ್ಡಿನ ಹೆಸರೇ ನಮ್ಮ ಬಾಯಲ್ಲಿ ಪಾವ್ ಆಯಿತು. ಇಲ್ಲಿ ಯೀಸ್ಟ್ ಸಿಗುತ್ತಿರಲಿಲ್ಲ, ತೆಂಗಿನ ಮರದ ಸೂರ್, ಅಂದರೆ ಶೇಂದಿ, ಹಾಕಿ ಹಿಟ್ಟು ಉಬ್ಬಿಸಿದರು. ದಕ್ಷಿಣ ಗೋವಾದ ಸಾಲ್ಸೆಟ್ ಕಡೆಯ ಮಾಜೊರ್ಡಾ ಊರಿನವರು ಪಾದ್ರಿಗಳಿಂದ ಇದನ್ನು ಮೊದಲು ಕಲಿತರು ಅಂತ ಇಲ್ಲಿಯ ಹಿರಿಯರು ಹೇಳುತ್ತಾರೆ. ಮಂಗಳೂರು ಕಡೆ ಕ್ರೈಸ್ತರ ಮನೆಯ ಇಡ್ಲಿಯಂಥ ಸನ್ನ ಉಬ್ಬುವುದೂ ಶೇಂದಿಯಿಂದಲೇ ಅಲ್ವಾ? ಈಗ ಮರ ಹತ್ತುವವರು ಕಡಿಮೆ, ಹೆಚ್ಚಿನ ಬ್ರೆಡ್ ಭಟ್ಟಿಗಳಲ್ಲಿ ಪ್ಯಾಕೆಟ್ ಯೀಸ್ಟ್ ಬಂದಿದೆ. ಆ ಹಳೆಯ ಹುಳಿ ರುಚಿ ಹೋಯಿತಲ್ಲ ಅನ್ನುವ ಸಂಕಟಕ್ಕೇ ನಾನು ಮನೆಯಲ್ಲಿ ಹೆಪ್ಪು ಸಾಕಲು ಶುರು ಮಾಡಿದೆ.

ಮಾಡುವುದು ಸುಲಭ. 50 ಗ್ರಾಂ ಗೋಧಿ ಹಿಟ್ಟಿಗೆ 50 ಗ್ರಾಂ ನೀರು, ಕಾಯಿಸಿ ಆರಿಸಿದ್ದು. ದಿನಾ ಅರ್ಧ ತೆಗೆದು, ಮತ್ತೆ ಅಷ್ಟೇ ಹಿಟ್ಟು, ಅಷ್ಟೇ ನೀರು ಹಾಕಿ ಕಲೆಸಿ. ಭರಣಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಎಷ್ಟು ಏರಿತು ಅಂತ ಗೊತ್ತಾಗುತ್ತದೆ. ನಾಲ್ಕೈದು ಗಂಟೆಯಲ್ಲಿ ಎರಡರಷ್ಟಾಗಿ, ಹಣ್ಣಿನಂಥ ಹುಳಿ ಪರಿಮಳ ಬಂದರೆ ಹೆಪ್ಪು ತಯಾರು. ನಮ್ಮ ಸೆಕೆಗೆ ವಾರ, ಹತ್ತು ದಿನ ಸಾಕು. ಮುಚ್ಚಳ ಬಿಗಿ ಮಾಡಬೇಡಿ. ನಾನೊಮ್ಮೆ ಬಿಗಿದು ಮಲಗಿದ್ದೆ, ರಾತ್ರಿ ಭರಣಿ ಸಿಡಿದು ಕಪಾಟಿನ ತುಂಬಾ ಗಾಜು. ಮೇಲೆ ಬೂದು ನೀರು ನಿಂತರೆ ಹಸಿವಾಗಿದೆ ಅಂತ ಅರ್ಥ, ಹಿಟ್ಟು ಕೊಡಿ. ಗುಲಾಬಿ ಅಥವಾ ಕೇಸರಿ ಗೆರೆ ಕಂಡರೆ, ಬೂಷ್ಟು ಬಂದರೆ ಮಾತ್ರ ಪೂರ್ತಿ ಚೆಲ್ಲಬೇಕು. ತೆಗೆದಿಟ್ಟ ಅರ್ಧ ಹಿಟ್ಟನ್ನು ಎಸೆಯಬೇಡಿ. ಹೆಪ್ಪು ಹದಕ್ಕೆ ಬಂದ ಮೇಲೆ ಅದಕ್ಕೆ ಈರುಳ್ಳಿ, ಹಸಿಮೆಣಸು, ತೆಂಗಿನತುರಿ ಸೇರಿಸಿ ಕಾವಲಿಗೆ ಹಾಕಿದರೆ ಸೊಗಸಾದ ದೋಸೆ. ಮೊದಲ ವಾರದ್ದು ಮಾತ್ರ ಗಿಡದ ಬುಡಕ್ಕೆ.

ಬ್ರೆಡ್ಡಿಗೆ 200 ಗ್ರಾಂ ಮೈದಾ, 200 ಗ್ರಾಂ ಗೋಧಿ ಹಿಟ್ಟು, 80 ಗ್ರಾಂ ಹೆಪ್ಪು, 270 ಗ್ರಾಂ ನೀರು, 8 ಗ್ರಾಂ ಉಪ್ಪು. ಮಳೆಗಾಲದಲ್ಲಿ ಹಿಟ್ಟೇ ತೇವ ಹೀರಿರುತ್ತದೆ, ನೀರು ಎರಡು ಚಮಚ ಕಡಿಮೆ ಹಾಕಿ. ಚಪಾತಿ ಹಿಟ್ಟಿನ ಹಾಗೆ ಗುದ್ದಿ ನಾದುವುದು ಬೇಡ. ಕೈ ಒದ್ದೆ ಮಾಡಿಕೊಂಡು ಅರ್ಧ ಗಂಟೆಗೊಮ್ಮೆ ಅಂಚು ಎಳೆದು ಮಡಚಿ, ನಾಲ್ಕು ಸಲ. ಮೇ ತಿಂಗಳಲ್ಲಿ ನಾಲ್ಕೈದು ಗಂಟೆಗೇ ಉಬ್ಬಿ ನಿಲ್ಲುತ್ತದೆ, ತಣ್ಣೀರಲ್ಲಿ ಕಲೆಸಿ. ಗಡಿಯಾರಕ್ಕಿಂತ ಹಿಟ್ಟನ್ನು ನೋಡಿ. ಆಮೇಲೆ ಗುಂಡಗೆ ಮಾಡಿ ರಾತ್ರಿ ಫ್ರಿಜ್‌ನಲ್ಲಿಟ್ಟರೆ ರುಚಿ ಇನ್ನೂ ಕೂಡುತ್ತದೆ. ಬೆಳಗ್ಗೆ ಕಾದ ಕಬ್ಬಿಣದ ಪಾತ್ರೆಯಲ್ಲಿಟ್ಟು ಓವನ್‌ನಲ್ಲಿ 230 ಡಿಗ್ರಿಯಲ್ಲಿ ಮುಚ್ಚಿ 20 ನಿಮಿಷ, ತೆರೆದು 20 ನಿಮಿಷ. ತಳ ಬಡಿದರೆ ಟೊಳ್ಳು ಸದ್ದು ಬರಬೇಕು. ಒಂದು ಗಂಟೆ ಆರದೆ ಕೊಯ್ಯಬೇಡಿ, ಒಳಗೆಲ್ಲ ಅಂಟಂಟಾಗುತ್ತದೆ.

ಓವನ್ ಇಲ್ಲದವರು ಪೊಯ್, ಅಂದರೆ ಗೋವಾದ ಚಪ್ಪಟೆ ಬ್ರೆಡ್, ಮಾಡಿ. ಅದೇ ಹಿಟ್ಟನ್ನು ಚಿಕ್ಕ ಉಂಡೆ ಮಾಡಿ ಗೋಧಿ ತೌಡಲ್ಲಿ ಹೊರಳಿಸಿ, ಬೆರಳು ದಪ್ಪಕ್ಕೆ ತಟ್ಟಿ, ಅರ್ಧ ಗಂಟೆ ಬಿಟ್ಟು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ ಎರಡೂ ಬದಿ ಬೇಯಿಸಿ. ಭಟ್ಟಿಯ ಘಮ ಬರುವುದಿಲ್ಲ, ನಿಜ. ಮೀನು ಸಾರಿಗಾಗಲಿ ಗೋವಾದ ತೊಂಡಾಕ ಅನ್ನುವ ಪಟಾಣಿ ಗಸಿಗಾಗಲಿ ಚೆನ್ನಾಗಿ ಹೊಂದುತ್ತದೆ.

ಇದರಿಂದ ಲಾಭ ಏನು ಅಂತ ಕೇಳುತ್ತಾರೆ. ಗೋಧಿಯ ತೌಡಿನಲ್ಲಿ ಫೈಟಿಕ್ ಆಮ್ಲ ಇರುತ್ತದೆ. ಕಬ್ಬಿಣ, ಸತು ಮೈಗೆ ಹತ್ತದ ಹಾಗೆ ಅದು ಹಿಡಿದಿಟ್ಟುಕೊಳ್ಳುತ್ತದೆ. ನಿಧಾನವಾಗಿ ಹುಳಿ ಬಂದಾಗ ಆ ಹಿಡಿತ ಸಡಿಲವಾಗುತ್ತದೆ. ಹುಳಿ ಇರುವುದರಿಂದ ಬೂಷ್ಟೂ ಬೇಗ ಬರುವುದಿಲ್ಲ. ಆದರೆ ಮೊಸರಿನ ಹಾಗೆ ಜೀವಂತ ಬ್ಯಾಕ್ಟೀರಿಯಾ ಸಿಗುತ್ತದೆ ಅಂದುಕೊಳ್ಳಬೇಡಿ, ಬೇಯುವಾಗ ಅವು ಸಾಯುತ್ತವೆ. ಗೋಧಿಯಲ್ಲಿರುವ ಗ್ಲುಟನ್ ಆಗದ ಸಿಲಿಯಾಕ್ ಕಾಯಿಲೆಯವರು ಇದನ್ನೂ ಮುಟ್ಟಬಾರದು. ಸಕ್ಕರೆ ಕಾಯಿಲೆಯವರು ಎಂದಿನ ಲೆಕ್ಕದಲ್ಲೇ ತಿನ್ನಬೇಕು. ಅಂಗಡಿಯಲ್ಲಿ ಕೊಳ್ಳುವಾಗ ಚೀಟಿ ಓದಿ. ಯೀಸ್ಟ್, ವಿನೆಗರ್ ಅಂತ ಇದ್ದರೆ ಅದು ಹೆಸರಿಗಷ್ಟೇ ಸಾವರ್‌ಡೋ.

ಊರಿಗೆ ಹೋಗುವಾಗ ಹೆಪ್ಪನ್ನು ಫ್ರಿಜ್‌ನಲ್ಲಿಟ್ಟರೆ ಒಂದೆರಡು ವಾರ ತಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ತಟ್ಟೆಗೆ ತೆಳ್ಳಗೆ ಬಳಿದು, ಫ್ಯಾನಿನ ಕೆಳಗೆ ಒಣಗಿಸಿ, ಪುಡಿ ಮಾಡಿ ಡಬ್ಬಿಗೆ ಹಾಕಿ. ವಾಪಸ್ ಬಂದು ನೀರು, ಹಿಟ್ಟು ಕೊಟ್ಟರೆ ಎರಡು ಮೂರು ದಿನದಲ್ಲಿ ಎದ್ದು ಕೂರುತ್ತದೆ. ಮೇಲಿನ ಮನೆಯ ಹುಡುಗಿಯ ಭರಣಿ ಎಂಟನೇ ದಿನ ಉಕ್ಕಿತು. ಗಣಪತಿ ಹಬ್ಬಕ್ಕೆ ಅವಳು ವಿಜಯಪುರಕ್ಕೆ ಹೋಗುವಾಗ ಅಮ್ಮನಿಗೆ ಕೊಡಲು ಒಂದು ಹಿಡಿ ಒಣಗಿಸಿಟ್ಟಿದ್ದೇನೆ.